ದಾರಿಯ ತೊಂದರೆ ಮತ್ತು ಖಾಲಿ ಸೈಟಿನ ಕಾಂಗ್ರೆಸ್ ಗಿಡ



ಈಮಾನ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ನಮಾಝ್, ಉಪವಾಸ, ಝಕಾತ್ ಮತ್ತು ಹಜ್ಜ್. ಇವು ಧರ್ಮದ ಸ್ತಂಭಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರವಾದಿ ಮುಹಮ್ಮದ್(ಸ)ರು ಈಮಾನಿಗೆ ಎಪ್ಪತ್ತಕ್ಕೂ ಮಿಕ್ಕಿ ಶಾಖೆಗಳಿವೆಯೆಂದು ತಿಳಿಸಿ, ಅವುಗಳಲ್ಲಿ ಅತ್ಯುನ್ನತವಾದುದು ಅಲ್ಲಾಹನ ಹೊರತು ಬೇರೆ ಆರಾಧ್ಯನಿಲ್ಲವೆಂಬ ಮಾತು ಎಂದೂ, ಅತ್ಯಂತ ಕೆಳಗಿನದು ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದೆಂದೂ ಕಲಿಸಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಈ ಹದೀಸನ್ನು ನಮ್ಮ ಮಕ್ಕಳು ಮದ್ರಸದ ಕೆಳಗಿನ ತರಗತಿಗಳಲ್ಲೇ ಬಾಯಿಪಾಠ ಮಾಡುತ್ತಾರೆ. ತೊಂದರೆಯ ವಸ್ತು ಯಾವುದೆಂದು ಕೇಳಿದರೆ "ಕಲ್ಲು, ಮುಳ್ಳು, ಗಾಜಿನ ಚೂರು, ಬಾಳೆಹಣ್ಣಿನ ಸಿಪ್ಪೆ" ಎಂದು ಥಟ್ಟನೆ ಹೇಳುತ್ತಾರೆ. ಉತ್ತರ ಸರಿಯೇ. ಆದರೆ ಅದೇ ಮಕ್ಕಳು ಮನೆಗೆ ಮರಳುವ ದಾರಿಯ ಎರಡೂ ಬದಿಗಳಲ್ಲಿ ಸೊಂಟದೆತ್ತರ ಬೆಳೆದು, ಬಿಳಿ ಹೂಗಳನ್ನು ಹೊತ್ತು, ಹೋಗಿ ಬರುವವರ ಮೈಗೆ ಸವರುವ ಒಂದು ತೊಂದರೆಯನ್ನು ಯಾರೂ ಹೆಸರಿಸುವುದಿಲ್ಲ. ಅದು ಕಾಂಗ್ರೆಸ್ ಗಿಡ.

ಈ ತಿಂಗಳ ಪಾಠಕ್ಕೆ ಈ ಗಿಡವನ್ನೇ ಆರಿಸಿಕೊಂಡಿದ್ದೇನೆ. ಕಲ್ಲನ್ನು ಒಬ್ಬನು ಒಮ್ಮೆ ಸರಿಸಿದರೆ ಮುಗಿಯಿತು. ಈ ಗಿಡವನ್ನು ಒಬ್ಬನು ಒಮ್ಮೆ ಕಿತ್ತರೆ ಮುಗಿಯುವುದಿಲ್ಲ. ಸಕಾಲದಲ್ಲಿ, ನೆರೆಹೊರೆಯವರೆಲ್ಲ ಕೂಡಿ, ವರ್ಷ ವರ್ಷವೂ ಕೀಳಬೇಕಾಗುತ್ತದೆ. ಆದ್ದರಿಂದ ದಾರಿಯ ಹಕ್ಕು, ನೆರೆಯವನ ಹಕ್ಕು, ಕೂಲಿಯಾಳಿನ ಹಕ್ಕು ಈ ಮೂರೂ ಇದರಲ್ಲಿ ಅಡಗಿವೆ.

ಗಿಡದ ಪರಿಚಯ

ಇದರ ಶಾಸ್ತ್ರೀಯ ಹೆಸರು ಪಾರ್ಥೇನಿಯಂ ಹಿಸ್ಟರೋಫೋರಸ್. ಉರ್ದು ಮಾತಾಡುವ ಮನೆಗಳಲ್ಲಿ ಇದನ್ನು ಗಾಜರ್ ಘಾಸ್ ಎನ್ನುವುದುಂಟು. ಎಳೆಯ ಗಿಡದ ಎಲೆಗಳು ಗಜ್ಜರಿಯ ಎಲೆಗಳಂತೆ ಸೀಳಿಕೊಂಡಿರುವುದೇ ಆ ಹೆಸರಿಗೆ ಕಾರಣ. ಇದರ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಇದು ಹಬ್ಬುತ್ತಿರುವುದು ಗಮನಕ್ಕೆ ಬಂತು. ಹೊರದೇಶದಿಂದ ಆಮದಾದ ಗೋಧಿಯೊಡನೆ ಇದರ ಬೀಜ ಬಂದಿತೆಂಬುದು ಸಾಮಾನ್ಯವಾಗಿ ಹೇಳಲಾಗುವ ವಿವರಣೆ. ಕೆಲವೇ ದಶಕಗಳಲ್ಲಿ ಇದು ದೇಶದ ಉದ್ದಗಲಕ್ಕೂ ಹರಡಿತು. ಕರ್ನಾಟಕ ಸರಕಾರವು 1975ರಲ್ಲಿಯೇ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತ್ತು.

ಇಷ್ಟು ಬೇಗ ಹರಡಲು ಕಾರಣ ಇದರ ಬೀಜ. ಚೆನ್ನಾಗಿ ಬೆಳೆದ ಒಂದೇ ಗಿಡ 10,000ದಿಂದ 25,000ದಷ್ಟು ಬೀಜಗಳನ್ನು ಉದುರಿಸಬಲ್ಲದು. ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಹೂ ಬಿಡುತ್ತದೆ. ಬೀಜ ಬಹಳ ಸಣ್ಣದು, ಹಗುರವಾದುದು. ಗಾಳಿಯಲ್ಲಿ ತೇಲುತ್ತದೆ, ಚರಂಡಿಯ ನೀರಿನಲ್ಲಿ ಹರಿಯುತ್ತದೆ, ಚಪ್ಪಲಿಯ ಕೆಸರಿಗೂ ವಾಹನದ ಗಾಲಿಗೂ ಅಂಟುತ್ತದೆ. ಮನೆ ಕಟ್ಟಲು ತಂದ ಮರಳು ಮಣ್ಣಿನೊಂದಿಗೆ, ಗಿಡಗಳಿಗೆ ತಂದ ಗೊಬ್ಬರದೊಂದಿಗೆ ನಮ್ಮ ಅಂಗಳಕ್ಕೇ ಬಂದಿಳಿಯುತ್ತದೆ. ಮಣ್ಣಿನೊಳಗೆ ಹೂತುಹೋದ ಬೀಜ ವರ್ಷಗಟ್ಟಲೆ ಜೀವ ಹಿಡಿದು ಕಾಯುತ್ತದೆ. ಹೊಸ ಬಡಾವಣೆಗಳಲ್ಲಿ ಮಣ್ಣು ಅಗೆದು ಬಿಟ್ಟ ಜಾಗ, ಅರ್ಧ ಕಟ್ಟಿದ ಮನೆಯ ಸುತ್ತಮುತ್ತ, ಚರಂಡಿಯ ಅಂಚು ಇವೆಲ್ಲ ಇದಕ್ಕೆ ಬಹಳ ಪ್ರಿಯವಾದ ಸ್ಥಳಗಳು.

ಇದರ ಬಾಧೆ

ಗಿಡದಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಮೈಗೆ ಒಗ್ಗದವರಿಗೆ ಮುಖ, ಕುತ್ತಿಗೆ, ಕೈಗಳಲ್ಲಿ ತುರಿಕೆ ಎದ್ದು, ಚರ್ಮ ಕಪ್ಪಾಗಿ ದಪ್ಪವಾಗಿ ಬಿರಿಯುತ್ತದೆ. ಇದು ಮೊದಲ ಸ್ಪರ್ಶಕ್ಕೇ ಬರಬೇಕೆಂದಿಲ್ಲ. ಹಲವು ವರ್ಷ ಏನೂ ಆಗದೆ ಕಿತ್ತವರಿಗೂ ಒಂದು ದಿನ ಆರಂಭವಾಗಬಹುದು. ಒಮ್ಮೆ ಆರಂಭವಾದರೆ ಗಿಡದ ಹತ್ತಿರ ಸುಳಿದರೂ ಸಾಕು, ಮತ್ತೆ ಕೆರಳುತ್ತದೆ. ಹೂವಿನ ಪರಾಗ ಗಾಳಿಯಲ್ಲಿ ಸೇರಿ ಕೆಲವರಿಗೆ ಸೀನು, ಮೂಗು ಸೋರುವಿಕೆ, ಕಣ್ಣುರಿ ತರುತ್ತದೆ. ಉಬ್ಬಸ ಇರುವವರಿಗೆ ದಮ್ಮು ಹೆಚ್ಚಿಸುತ್ತದೆ. ಬೆಂಗಳೂರಿನಲ್ಲಿ ನಡೆದ ವೈದ್ಯಕೀಯ ಅಧ್ಯಯನಗಳು ಮೂಗಿನ ಅಲರ್ಜಿಗೆ ಈ ಪರಾಗ ಒಂದು ಕಾರಣವೆಂದು ಗುರುತಿಸಿವೆ.

ಜಾನುವಾರುಗಳೂ ಇದರಿಂದ ಪಾರಾಗಿಲ್ಲ. ಸಾಮಾನ್ಯವಾಗಿ ದನ, ಆಡುಗಳು ಇದನ್ನು ಮುಟ್ಟುವುದಿಲ್ಲ. ಬೇರೆ ಮೇವು ಸಿಗದೆ ತಿಂದರೆ ಬಾಯಿ ಹುಣ್ಣಾಗುತ್ತದೆ, ಹಾಲು ಕಹಿಯಾಗುತ್ತದೆ, ಹೆಚ್ಚು ತಿಂದರೆ ಪ್ರಾಣಕ್ಕೂ ಅಪಾಯ. ಬಕ್ರೀದ್‌ಗೆಂದು ಅಕ್ಕರೆಯಿಂದ ಸಾಕಿದ ಆಡನ್ನು ಖಾಲಿ ಸೈಟಿನಲ್ಲಿ ಕಟ್ಟಿ ಬರುವವರು ಇದನ್ನು ನೆನಪಿಡಬೇಕು. ಇಷ್ಟಲ್ಲದೆ ತಾನು ಬೆಳೆದ ಕಡೆ ಇದು ಇತರ ಹುಲ್ಲು ಸೊಪ್ಪುಗಳನ್ನು ಬೆಳೆಯಗೊಡುವುದಿಲ್ಲ.

ಸೃಷ್ಟಿಯಲ್ಲಿ ವ್ಯರ್ಥವಾದುದಿದೆಯೇ?

ಇಲ್ಲಿ ಒಬ್ಬ ಜಾಣ ವಿದ್ಯಾರ್ಥಿ ಕೇಳಬಹುದು: "ಉಸ್ತಾದರೇ, ಅಲ್ಲಾಹನು ಏನನ್ನೂ ವ್ಯರ್ಥವಾಗಿ ಸೃಷ್ಟಿಸಿಲ್ಲವೆಂದು ಕುರ್‌ಆನ್ ಕಲಿಸುತ್ತದೆ. ಹಾಗಾದರೆ ಈ ಗಿಡವನ್ನೇಕೆ ಕೀಳಬೇಕು?"

ಪ್ರಶ್ನೆ ಒಳ್ಳೆಯದು. ಸೂರಃ ಅರ್‍ರಹ್ಮಾನ್ ಇದಕ್ಕೆ ದಾರಿ ತೋರಿಸುತ್ತದೆ. ಅಲ್ಲಾಹನು ಆಕಾಶವನ್ನು ಎತ್ತರಿಸಿ ಮೀಝಾನನ್ನು, ಅಂದರೆ ತಕ್ಕಡಿಯನ್ನು, ಸ್ಥಾಪಿಸಿದನೆಂದೂ ಆ ತೂಕದಲ್ಲಿ ನಾವು ಮಿತಿ ಮೀರಬಾರದೆಂದೂ ಅಲ್ಲಿ ತಿಳಿಸಲಾಗಿದೆ. ಈ ಗಿಡಕ್ಕೆ ತನ್ನ ತವರಿನಲ್ಲಿ ಒಂದು ತೂಕವಿದೆ. ಅದನ್ನು ತಿಂದು ಹತೋಟಿಯಲ್ಲಿಡುವ ಕೀಟಗಳು ಅಲ್ಲಿವೆ. ಗಿಡ ಇಲ್ಲಿಗೆ ಬಂತು, ಆ ಕೀಟಗಳು ಬರಲಿಲ್ಲ. ತಕ್ಕಡಿಯ ಒಂದು ತಟ್ಟೆ ಮಾತ್ರ ಸಮುದ್ರ ದಾಟಿತು. ಗಿಡದಲ್ಲಿ ದೋಷವಿಲ್ಲ. ಅದನ್ನು ಅದರ ಸ್ಥಾನದಿಂದ ಕದಲಿಸಿದ್ದು ಮನುಷ್ಯನ ಸಂಚಾರ ಮತ್ತು ವ್ಯಾಪಾರ. ಕೆಟ್ಟ ತೂಕವನ್ನು ಸರಿಪಡಿಸುವ ಹೊಣೆಯೂ ಮನುಷ್ಯನದೇ.

ವಿಜ್ಞಾನಿಗಳು ಇದೇ ಹಾದಿಯಲ್ಲಿ ನಡೆದರು. ಮೆಕ್ಸಿಕೋದಿಂದ ಝೈಗೋಗ್ರಾಮಾ ಎಂಬ ಒಂದು ದುಂಬಿಯನ್ನು ತರಿಸಿ, ಅದು ಇಲ್ಲಿಯ ಬೆಳೆಗಳಿಗೆ ಹಾನಿ ಮಾಡುವುದೇ ಎಂದು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ತಿಳಿ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಈ ಪುಟ್ಟ ದುಂಬಿಯೂ ಅದರ ಮರಿಹುಳುಗಳೂ ಕಾಂಗ್ರೆಸ್ ಗಿಡದ ಎಲೆಗಳನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಎಲೆಗಳೆಲ್ಲ ತೂತಾಗಿ ಬರಿ ಕಡ್ಡಿ ನಿಂತ ಗಿಡಗಳನ್ನು ಕಂಡರೆ ಅದು ಇವುಗಳ ಕೆಲಸವಿರಬಹುದು. ಅಲ್ಲಿ ಔಷಧಿ ಸಿಂಪಡಿಸಿ ಅವುಗಳನ್ನು ಕೊಲ್ಲಬೇಡಿ. ಆದರೆ ಬೇಸಿಗೆಯಲ್ಲಿ ಇವು ಮಣ್ಣಿನೊಳಗೆ ಸೇರಿ ಸುಮ್ಮನಿರುತ್ತವೆ. ದುಂಬಿ ಇದೆಯೆಂದು ನಾವು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ.

"ನನ್ನ ಸೈಟು, ನನ್ನಿಷ್ಟ"

ನಮ್ಮ ಬಡಾವಣೆಗಳಲ್ಲಿ ಈ ಗಿಡದ ಮುಖ್ಯ ಆಶ್ರಯ ಖಾಲಿ ಸೈಟು. ಯಾರೋ ಕೊಂಡಿಟ್ಟಿರುತ್ತಾರೆ. ಒಬ್ಬರು ಬೇರೆ ಊರಿನಲ್ಲಿ ನೌಕರಿಯಲ್ಲಿರುತ್ತಾರೆ, ಇನ್ನೊಬ್ಬರು ಗಲ್ಫಿನಲ್ಲಿ ದುಡಿಯುತ್ತಿರುತ್ತಾರೆ. ಬೆವರು ಸುರಿಸಿ ಕೂಡಿಸಿದ ಹಣದಿಂದ ಕೊಂಡ ಜಾಗ. ಅದು ಅವರ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಬೆಳೆದ ಗಿಡದ ಬೀಜ ಮತ್ತು ಪರಾಗಕ್ಕೆ ಸೈಟಿನ ಗಡಿಕಲ್ಲು ಅಡ್ಡಬರುವುದಿಲ್ಲ.

ಸಹೀಹ್ ಬುಖಾರಿಯಲ್ಲಿ ನುಅ್‌ಮಾನ್ ಬಿನ್ ಬಶೀರ್(ರ)ರಿಂದ ವರದಿಯಾದ ಹಡಗಿನ ದೃಷ್ಟಾಂತವನ್ನು ನೀವು ಕೇಳಿರಬಹುದು. ಚೀಟಿ ಎತ್ತಿ ಹಡಗಿನಲ್ಲಿ ಸ್ಥಳ ಹಂಚಿಕೊಂಡವರಲ್ಲಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಗಿನದು ಸಿಕ್ಕಿತು. ಕೆಳಗಿನವರು ನೀರಿಗಾಗಿ ಪ್ರತಿ ಸಲ ಮೇಲೆ ಬರಬೇಕಿತ್ತು. ಮೇಲಿನವರಿಗೆ ತೊಂದರೆ ಕೊಡುವುದು ಬೇಡ, ನಮ್ಮ ಪಾಲಿನ ಜಾಗದಲ್ಲೇ ಒಂದು ರಂಧ್ರ ಕೊರೆಯೋಣ ಎಂದು ಅವರು ಯೋಚಿಸಿದರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಅವರ ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ ಎಂಬುದು ಪ್ರವಾದಿವರ್ಯರು(ಸ) ಕೊಟ್ಟ ಬೋಧೆ.

ಗಮನಿಸಿರಿ, ಕೊರೆಯಲು ಹೊರಟವರು ದುಷ್ಟರಾಗಿರಲಿಲ್ಲ. ಇತರರಿಗೆ ತೊಂದರೆಯಾಗಬಾರದೆಂದೇ ಅವರು ಬಯಸಿದ್ದರು. ಜಾಗವೂ ಅವರ ಪಾಲಿನದೇ. ಆದರೂ ಆ ಹಕ್ಕಿಗೆ ಒಂದು ಎಲ್ಲೆಯಿತ್ತು. ಸೈಟಿನ ಮಾಲೀಕನೂ ಹೀಗೆಯೇ. ಅವನು ಯಾರಿಗೂ ಕೇಡು ಬಯಸಿಲ್ಲ. ಸುಮ್ಮನೆ ಬಿಟ್ಟಿದ್ದಾನೆ, ಅಷ್ಟೆ. ಆದರೆ ಪಕ್ಕದ ಮನೆಯ ಮಗು ರಾತ್ರಿಯಿಡೀ ಉಸಿರಿಗಾಗಿ ಒದ್ದಾಡುವಾಗ ಅದರ ತಾಯಿಗೆ "ಕೇಡು ಬಯಸಿಲ್ಲ" ಎಂಬ ಮಾತು ಸಮಾಧಾನ ಕೊಡುವುದೇ? ತನ್ನ ಉಪದ್ರವದಿಂದ ನೆರೆಯವನು ನಿರ್ಭಯನಾಗಿರದಿದ್ದರೆ ಅಂಥವನ ಈಮಾನೇ ಪೂರ್ಣವಲ್ಲವೆಂಬ ಕಟ್ಟುನಿಟ್ಟಿನ ಎಚ್ಚರಿಕೆ ಹದೀಸ್‌ನಲ್ಲಿದೆ. ಹಾನಿ ಮಾಡಿಕೊಳ್ಳಲೂ ಬಾರದು, ಮಾಡಲೂ ಬಾರದು ಎಂಬುದು ಫಿಕ್‌ಹ್‌ನ ಮೂಲ ನಿಯಮಗಳಲ್ಲೊಂದು. ಈ ನೆರೆಯವನು ಮುಸ್ಲಿಮನೇ ಆಗಿರಬೇಕೆಂದಿಲ್ಲ. ಅಬ್ದುಲ್ಲಾ ಬಿನ್ ಅಮ್ರ್(ರ)ರು ಮನೆಯಲ್ಲಿ ಆಡು ಕೊಯ್ದಾಗ, ಯಹೂದಿ ನೆರೆಯವನಿಗೂ ಕೊಟ್ಟಿರಾ ಎಂದು ಮೊದಲು ವಿಚಾರಿಸಿದವರು.

ಹಾಗಾದರೆ ಕೈ ಹಿಡಿದು ತಡೆಯುವುದು ಹೇಗೆ? ಜಗಳವಾಡುವುದರಿಂದಲ್ಲ. ಮಾಲೀಕರ ವಿಳಾಸ ಹುಡುಕಿ, ಸಲಾಮ್ ಅಥವಾ ನಮಸ್ಕಾರ ಹೇಳಿ, ವಿಷಯ ತಿಳಿಸಿರಿ. "ನಿಮ್ಮ ಸೈಟನ್ನು ನಾವೆಲ್ಲ ಸೇರಿ ಸ್ವಚ್ಛ ಮಾಡುತ್ತೇವೆ, ಅನುಮತಿ ಕೊಡಿ, ಖರ್ಚಿನಲ್ಲಿ ಪಾಲು ಕೊಡಿ" ಎಂದು ಕೇಳಿರಿ. ಬೇರೊಬ್ಬರ ಜಾಗಕ್ಕೆ ಒಳ್ಳೆಯ ಕೆಲಸಕ್ಕೆಂದೇ ಕಾಲಿಟ್ಟರೂ ಅನುಮತಿ ಕೇಳುವುದು ಸಭ್ಯತೆ. ಉತ್ತರವೇ ಬಾರದಿದ್ದರೆ ಬೀದಿಯವರೆಲ್ಲ ಸಹಿ ಹಾಕಿ ಪುರಸಭೆಗೆ ಅರ್ಜಿ ಕೊಡಿರಿ. ಸ್ವತಃ ಸೈಟು ಕೊಂಡಿಟ್ಟಿರುವ ಓದುಗರು ಮಾತ್ರ ಇನ್ನೊಬ್ಬರ ಪತ್ರಕ್ಕೆ ಕಾಯದಿರಲಿ. ಮಳೆಗಾಲಕ್ಕೆ ಮುಂಚೆ ಊರಿನ ಬಂಧುವೊಬ್ಬರಿಗೆ ಸ್ವಲ್ಪ ಹಣ ಕಳಿಸಿ ಸೈಟು ನೋಡಿಕೊಳ್ಳಲು ಹೇಳುವುದು ದೊಡ್ಡ ಭಾರವಲ್ಲ.

ಕೀಳುವ ಕ್ರಮ

ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಇದು ಮೊಳೆಯುತ್ತದೆ. ಆರಂಭದಲ್ಲಿ ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಹರಡಿರುತ್ತವೆ. ಕೀಳಲು ಸರಿಯಾದ ಸಮಯ ಇದೇ. ಹೂ ಬಿಟ್ಟ ಮೇಲೆ ಕಿತ್ತರೆ ಪರಾಗ ನಮ್ಮ ಮೂಗಿಗೆ ಬರುತ್ತದೆ. ಬೀಜ ಬಲಿತ ಮೇಲೆ ಎಳೆದಾಡಿದರೆ ನಾವೇ ಕೈಯಾರೆ ಬಿತ್ತಿದಂತಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಈ ಗಿಡವನ್ನು ಗಮನಿಸುವುದೇ ಅದು ಬಿಳಿ ಹೂ ಹೊತ್ತು ನಿಂತ ಮೇಲೆ. ತಡವಾಗುವುದು ಹೀಗೆ.

ಮಣ್ಣು ಒದ್ದೆಯಿರುವಾಗ ಬೇರು ಸಮೇತ ಕೀಳಿರಿ. ಕುಡುಗೋಲಿನಿಂದ ಸವರಿದರೆ ಉಳಿದ ಬುಡದಿಂದ ಮತ್ತೆ ಚಿಗುರುತ್ತದೆ. ಮೂರು ನಾಲ್ಕು ವಾರ ಬಿಟ್ಟು ಅದೇ ಜಾಗವನ್ನು ಮತ್ತೊಮ್ಮೆ ನೋಡಿರಿ, ಮಳೆಗಾಲ ಮುಗಿಯುವವರೆಗೂ ಹೀಗೆ ಮಾಡಿರಿ. ಮಣ್ಣಿನಲ್ಲಿ ಹಳೆಯ ಬೀಜವಿರುವುದರಿಂದ ಮರು ವರ್ಷವೂ ಏಳುತ್ತದೆ. ಬಿಡದೆ ಕಿತ್ತರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ.

ಹೂ ಬಿಡದ ಗಿಡಗಳನ್ನು ಗುಂಡಿಗೆ ಹಾಕಿ ಸಗಣಿ, ಮಣ್ಣು ಮುಚ್ಚಿ ಗೊಬ್ಬರ ಮಾಡಬಹುದು. ಬೀಜ ಕಟ್ಟಿದವನ್ನು ಗೊಬ್ಬರಕ್ಕೆ ಸೇರಿಸದೆ, ಚೀಲದಲ್ಲಿ ತುಂಬಿ ಆಳವಾದ ಗುಂಡಿಯಲ್ಲಿ ಹೂಳಿರಿ. ಮನೆಗಳ ನಡುವೆ ಸುಡಬೇಡಿ. ಉಬ್ಬಸದವರ ಉಸಿರು ಉಳಿಸಲು ಹೊರಟು ಅವರಿಗೇ ಹೊಗೆ ಕುಡಿಸಿದಂತಾದೀತು. ಲೀಟರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಎಲೆಗಳ ಮೇಲೆ ಸಿಂಪಡಿಸುವ ವಿಧಾನವೂ ಇದೆ. ಇದು ಏನೂ ಬೆಳೆಸದ ರಸ್ತೆಬದಿಗೆ ಮಾತ್ರ. ಉಪ್ಪು ಮಣ್ಣನ್ನು ಕೆಡಿಸುವುದರಿಂದ ಕೈತೋಟ, ಬಾವಿ, ಮರಗಳ ಬುಡದ ಹತ್ತಿರ ಬೇಡ. ಕಳೆನಾಶಕ ವಿಷಗಳನ್ನು ಮಕ್ಕಳು ಆಡುವ ಬೀದಿಗೆ ತರದಿರುವುದೇ ಲೇಸು.

ಕೀಳುವ ಕೈ ಯಾರದು?

ಓದುಗರೇ, ಈ ಪಾಠದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕೆಂದು ವಿನಂತಿಸುತ್ತೇನೆ. ನಾವು ಸಾಮಾನ್ಯವಾಗಿ ಮಾಡುವುದೇನು? ಹಬ್ಬ ಅಥವಾ ಮದುವೆ ಹತ್ತಿರ ಬಂದಾಗ ಕೂಲಿಯ ಹೆಂಗಸರನ್ನು ಕರೆಸಿ, "ಇದನ್ನೆಲ್ಲ ಕಿತ್ತು ಹಾಕಮ್ಮ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇವೆ. ಅಷ್ಟು ಹೊತ್ತಿಗೆ ಗಿಡ ಹೂ ಬಿಟ್ಟಿರುತ್ತದೆ. ಅವರು ಬರಿಗೈಯಲ್ಲಿ ಕೀಳುತ್ತಾರೆ, ಎದೆಗವಚಿ ಹೊರುತ್ತಾರೆ, ಅದೇ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಸಂಜೆ ಅವರ ಕೈ ಕುತ್ತಿಗೆಗಳು ಉರಿಯುವಾಗ ನಾವು ಅಲ್ಲಿರುವುದಿಲ್ಲ. ಇಸುಬು ಹಿಡಿದ ಕೈಯವರಿಗೆ ಮರುದಿನ ಪಾತ್ರೆ ತಿಕ್ಕುವ ಕೆಲಸವನ್ನೂ ಯಾರು ಕೊಡುತ್ತಾರೆ? ನಮ್ಮ ದಾರಿಯ ತೊಂದರೆಯನ್ನು ಸರಿಸಿ ಇನ್ನೊಬ್ಬರ ಮೈಮೇಲೆ ಹಾಕಿದರೆ ಅದು ಸರಿಸಿದಂತಾಗುವುದೇ?

ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿಸಿದ ಧರ್ಮ ನಮ್ಮದು. ಆ ಬೆವರಿನ ಜೊತೆ ವಿಷವೂ ಸೇರಬಾರದಲ್ಲವೇ? ಆದ್ದರಿಂದ ಕೆಲಸಕ್ಕೆ ಕರೆದವರಿಗೆ ಕೈಗವಸು ಕೊಡಿರಿ, ತೋಳು ಮುಚ್ಚುವ ಹಳೆಯ ಅಂಗಿ ಕೊಡಿರಿ, ಮೂಗು ಬಾಯಿಗೆ ಕಟ್ಟಲು ಬಟ್ಟೆ ಕೊಡಿರಿ. ಕೆಲಸ ಮುಗಿದ ಮೇಲೆ ಕೈಕಾಲು ಮುಖ ತೊಳೆಯಲು ನೀರು ಮತ್ತು ಸಾಬೂನು ಕೊಡಿರಿ. ಮೊದಲೇ ತುರಿಕೆ, ಉಬ್ಬಸ ಇದೆಯೇ ಎಂದು ಕೇಳಿರಿ. ಇದ್ದರೆ ಬೇರೆ ಕೆಲಸ ಕೊಡಿರಿ, ಕೂಲಿ ಕಡಿತ ಮಾಡಬೇಡಿ. ಎಲ್ಲಕ್ಕಿಂತ ಮೇಲು, ನಮ್ಮ ಅಂಗಳದ ಮುಂದಿನದನ್ನು ನಾವೇ ಎಳೆಯದಿರುವಾಗ ಕೀಳುವುದು. ದಾರಿಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ಸರಿಸಿದ ವ್ಯಕ್ತಿಯನ್ನು ಅಲ್ಲಾಹನು ಮೆಚ್ಚಿ ಕ್ಷಮಿಸಿದನೆಂದು ಹದೀಸ್‌ನಲ್ಲಿದೆ. ಅವನು ಅದನ್ನು ತನ್ನ ಕೈಯಿಂದಲೇ ಸರಿಸಿದ್ದನು.

ಖಬರಸ್ತಾನದ ಪ್ರಶ್ನೆ

ಅನೇಕ ಊರುಗಳಲ್ಲಿ ಈ ಗಿಡ ಖಬರಸ್ತಾನದೊಳಗೂ ದಟ್ಟವಾಗಿ ಬೆಳೆದಿದೆ. ಜನಾಝಾ ಹೊತ್ತವರು ಗಿಡಗಳ ನಡುವೆ ನುಸುಳಿ ನಡೆಯಬೇಕಾಗಿದೆ. ಕೀಳೋಣವೆಂದರೆ ಹಿರಿಯರು ಆಕ್ಷೇಪಿಸುತ್ತಾರೆ. ಅವರ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಪ್ರವಾದಿವರ್ಯರು(ಸ) ಎರಡು ಗೋರಿಗಳ ಮೇಲೆ ಖರ್ಜೂರದ ಹಸಿ ಗರಿಯನ್ನು ಸೀಳಿ ನೆಟ್ಟ ಹದೀಸ್ ಪ್ರಸಿದ್ಧವಾಗಿದೆ. ಗೋರಿಯ ಮೇಲಿನ ಹಸಿ ಹುಲ್ಲು ಅಲ್ಲಾಹನ ತಸ್‌ಬೀಹ್ ಮಾಡುತ್ತದೆಂಬ ಕಾರಣದಿಂದ ಅದನ್ನು ಕೀಳುವುದು ಮಕ್ರೂಹ್ ಎಂದು ಹನಫೀ ಫಿಕ್‌ಹ್ ಗ್ರಂಥಗಳಲ್ಲಿ ಹೇಳಲಾಗಿದೆ.

ನನ್ನ ತಿಳುವಳಿಕೆಯಂತೆ, ಯಾರಿಗೂ ತೊಂದರೆ ಮಾಡದ ಹುಲ್ಲು ಬೇರೆ, ಬರುವವರ ಉಸಿರಿಗೂ ಚರ್ಮಕ್ಕೂ ಹಾನಿ ಮಾಡುವ ಗಿಡ ಬೇರೆ. ಆದರೆ ಇದನ್ನು ವಾದದ ವಿಷಯವಾಗಿಸಬೇಡಿ. ನಡೆಯುವ ದಾರಿ, ಗೋಡೆಯ ಅಂಚು, ಇನ್ನೂ ಗೋರಿಗಳಿಲ್ಲದ ಜಾಗ ಇವುಗಳ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಎಡೆಯೇ ಇಲ್ಲ. ಅಲ್ಲಿಂದಲೇ ಆರಂಭಿಸಿರಿ. ಗೋರಿಗಳ ಮೇಲಿನದರ ಕುರಿತು ನಿಮ್ಮ ಮೊಹಲ್ಲಾದ ಆಲಿಮರನ್ನು ಕೇಳಿರಿ, ಗಿಡದ ಹಾನಿಯನ್ನೂ ಅವರಿಗೆ ವಿವರಿಸಿರಿ. ಕೆಲಸದ ಭರದಲ್ಲಿ ಗೋರಿಗಳನ್ನು ತುಳಿಯಬಾರದೆಂಬುದು ನೆನಪಿರಲಿ.

ಕಿತ್ತ ಮೇಲೇನು?

ಬರಿದಾದ ನೆಲವನ್ನು ಹಾಗೆಯೇ ಬಿಟ್ಟರೆ ಮುಂದಿನ ಮಳೆಗೆ ಅದೇ ಗಿಡ ತುಂಬಿಕೊಳ್ಳುತ್ತದೆ. ಅದರ ಜಾಗವನ್ನು ಬೇರೆ ಗಿಡಕ್ಕೆ ಕೊಡಬೇಕು. ತಗಚೆ ಇದಕ್ಕೆ ತಕ್ಕುದೆಂದು ಕೃಷಿ ತಜ್ಞರು ಹೇಳುತ್ತಾರೆ. ತುಳುನಾಡಿನ ಓದುಗರು ತಜಂಕ್ ಎಂದರೆ ಬೇಗ ಗುರುತಿಸುವರು, ಇದರ ಎಳೆ ಸೊಪ್ಪು ಅಡುಗೆಗೂ ಆಗುತ್ತದೆ. ಇದರ ಬೀಜವನ್ನು ಮಳೆಗೆ ಮುಂಚೆ ಎರಚಿದರೆ ದಟ್ಟವಾಗಿ ಎದ್ದು ಕಾಂಗ್ರೆಸ್ ಗಿಡಕ್ಕೆ ಎಡೆ ಕೊಡುವುದಿಲ್ಲ. ಮನೆಯ ಮುಂದೆ ಚೆಂಡುಹೂವನ್ನು ಒತ್ತಾಗಿ ಬೆಳೆಸಬಹುದು. ಶಾಶ್ವತವಾಗಿ ಖಾಲಿ ಇರುವ ಸಾರ್ವಜನಿಕ ಜಾಗದಲ್ಲಿ ಒಪ್ಪಿಗೆ ಪಡೆದು ಹೊಂಗೆ, ಬೇವು, ನೇರಳೆ ನೆಡಬಹುದು. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಯಾವುದು ತಿಂದರೂ ಅವನಿಗೆ ಸದಕಾ ಆಗುತ್ತದೆಂಬ ಸಂತೋಷದ ವಾರ್ತೆ ನಮಗಿದೆ.

ಮೊಹಲ್ಲಾದ ಜಮಾಅತ್ ಮನಸ್ಸು ಮಾಡಿದರೆ ಇದು ಕಷ್ಟವಲ್ಲ. ಮೊದಲ ಮಳೆಯ ನಂತರದ ಒಂದು ರಜಾದಿನ ಬೆಳಿಗ್ಗೆ ಎರಡು ಗಂಟೆ ಸಾಕು. ಮನೆಗೊಬ್ಬರು ಬರಲಿ. ಹಿಂದೂ, ಕ್ರೈಸ್ತ ನೆರೆಯವರನ್ನೂ ಕರೆಯಿರಿ, ಗಿಡ ಯಾರ ಧರ್ಮವನ್ನೂ ಕೇಳಿ ಕಾಡುವುದಿಲ್ಲ. ಹೆಣ್ಣುಮಕ್ಕಳು ತಮ್ಮ ಅಂಗಳ, ಹಿತ್ತಿಲುಗಳಲ್ಲಿ ಎಳೆಯ ಗಿಡವನ್ನು ಗುರುತಿಸುವುದನ್ನು ಮಕ್ಕಳಿಗೆ ಕಲಿಸಲಿ. ಉಬ್ಬಸ ಇರುವ ಮಕ್ಕಳನ್ನು ಮಾತ್ರ ಕೀಳಲು ಕಳಿಸಬೇಡಿ. ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ಆಚರಿಸುತ್ತಾರೆ. ಎರಡನೆಯ ಸುತ್ತಿನ ಕೆಲಸವನ್ನು ಆ ವಾರಕ್ಕೆ ಇಟ್ಟುಕೊಳ್ಳಬಹುದು.

ಮನೆಮಂದಿ ಕುಳಿತು ಚರ್ಚಿಸಲು

1. ನಮ್ಮ ಮನೆಯಿಂದ ಮಸೀದಿಯವರೆಗಿನ ದಾರಿಯಲ್ಲಿ ಈ ಗಿಡ ಎಲ್ಲೆಲ್ಲಿದೆ? ಅದರ ಪಕ್ಕದಲ್ಲಿ ಉಬ್ಬಸದವರು ಯಾರಿದ್ದಾರೆ?

2. ಹಡಗಿನ ದೃಷ್ಟಾಂತದಲ್ಲಿ ನಾವು ಕೆಳಗಿನವರೋ, ಮೇಲೆ ಕುಳಿತು ನೋಡುವವರೋ?

3. ನಮ್ಮ ಮನೆಯ ಕೆಲಸಕ್ಕೆ ಬರುವವರ ಕೈಗಳನ್ನು ನಾವು ಎಂದಾದರೂ ಗಮನಿಸಿದ್ದೇವೆಯೇ?

4. ಈ ಮಳೆಗಾಲದಲ್ಲಿ ಮೊದಲ ಸುತ್ತು ಯಾವ ದಿನ? ಯಾರು ಯಾರನ್ನು ಕರೆಯುವುದು?

ನಾಲ್ಕನೆಯ ಪ್ರಶ್ನೆಗೆ ಉತ್ತರವನ್ನು ಬಾಯಲ್ಲಿ ಹೇಳಿ ಮುಗಿಸದೆ ಕ್ಯಾಲೆಂಡರಿನಲ್ಲಿ ಬರೆದಿಡಿರಿ. ನಮ್ಮ ದಾರಿಗಳನ್ನೂ ನೆರೆಯವರ ಉಸಿರನ್ನೂ ಸುರಕ್ಷಿತವಾಗಿಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.